ಮುನ್ನೂರು ರೂಪಾಯಿ ಅಡ್ವಾನ್ಸೂ, ಐಬ್ರೋ ಶಿಪ್ಪಿಂಗ್ ಪಾಲಿಸಿಯೂ

ನಮ್ಮ ಅತ್ತಿಗೆ ಬೆಂಗಳೂರಿನ ರಾಜಾಜಿನಗರದಲ್ಲಿ ಸಣ್ಣದೊಂದು ಬ್ಯೂಟಿ ಪಾರ್ಲರ್ ಇಟ್ಟಿದ್ದಾರೆ. ಎರಡು ಕುರ್ಚಿ, ಫೇಶಿಯಲ್‌ಗೊಂದು ಮಂಚ, ಸಹಾಯಕ್ಕೊಬ್ಬಳು ಹುಡುಗಿ, ಗೋಡೆ ತುಂಬ ಕನ್ನಡಿ. 'ಅಪಾಯಿಂಟ್‌ಮೆಂಟ್ ಕಡ್ಡಾಯ' ಅಂತ ಬಾಗಿಲಿಗೊಂದು ಬೋರ್ಡು. ಆ ಬೋರ್ಡು ಓದಿಕೊಂಡೇ ಅಪಾಯಿಂಟ್‌ಮೆಂಟ್ ಇಲ್ಲದವರು ಒಳಗೆ ಬರುತ್ತಾರೆ. ಅಪಾಯಿಂಟ್‌ಮೆಂಟ್ ತಗೊಂಡವರು ಬರುವುದಿಲ್ಲ.

ಟೇಬಲ್ ಮೇಲೆ ಬ್ಯಾಂಕಿನವರು ಕೊಟ್ಟ ಡೈರಿ ಇರುತ್ತದೆ. ಅದರಲ್ಲಿ ಅತ್ತಿಗೆ ಪೆನ್ಸಿಲ್‌ನಲ್ಲೇ ಬರೆಯುತ್ತಾರೆ. ಪೆನ್ನು ಯಾಕೆ ಬೇಡ ಅಂತ ಒಮ್ಮೆ ಕೇಳಿದ್ದೆ. ಪುಟ ತೆರೆದು ತೋರಿಸಿದರು. ಶನಿವಾರದ ಪುಟ ರಬ್ಬರ್‌ನಲ್ಲಿ ಉಜ್ಜಿ ಉಜ್ಜಿ ಎಷ್ಟು ತೆಳ್ಳಗಾಗಿತ್ತೆಂದರೆ ಹಿಂಬದಿಯ ಭಾನುವಾರ ಕಾಣುತ್ತಿತ್ತು. ಹತ್ತು ಗಂಟೆಗೆ ಫೇಶಿಯಲ್ ಅಂದವರ ಮನೆಗೆ ಹತ್ತಕ್ಕೆ ಸರಿಯಾಗಿ ನೀರಿನ ಟ್ಯಾಂಕರ್ ಬಂದಿರುತ್ತದೆ. ಹನ್ನೊಂದಕ್ಕೆ ಹೇರ್ ಕಲರ್ ಅಂದವರ ಮನೆಗೆ ಊರಿಂದ ಅತ್ತೆ ಇಳಿದಿರುತ್ತಾರೆ. ಹನ್ನೆರಡರವರು ಫೋನೇ ಎತ್ತುವುದಿಲ್ಲ. ಒಂದು ಗಂಟೆಗೆ ಮೂವರೂ ಒಟ್ಟಿಗೆ ಬಂದು, 'ಏನ್ರೀ, ಇಷ್ಟೊಂದು ಕಾಯಿಸ್ತೀರಾ' ಅನ್ನುತ್ತಾರೆ.

ಇದಕ್ಕೆ ಮದ್ದೇನೋ ಗೊತ್ತಿರುವುದೇ. ಬುಕ್ ಮಾಡುವಾಗಲೇ ಮುನ್ನೂರು ರೂಪಾಯಿ ಅಡ್ವಾನ್ಸ್ ತಗೊಳ್ಳುವುದು. ಆದರೆ ಯಾವ ಬಾಯಲ್ಲಿ ಕೇಳುವುದು?

'ಹತ್ತು ವರ್ಷದಿಂದ ಬರ್ತಿರೋರಪ್ಪಾ. ಅವರ ಮಗಳ ನಾಮಕರಣಕ್ಕೆ ಹೋಗಿ ಊಟ ಮಾಡಿ ಬಂದಿದೀನಿ. ಮುಖ ನೋಡ್ಕೊಂಡು ಅಡ್ವಾನ್ಸ್ ಕೊಡಿ ಅನ್ನಕ್ಕಾಗುತ್ತಾ?'

'ನೀವು ಕೇಳೋದೇ ಬೇಡ ಅತ್ತಿಗೆ. ಕಂಪ್ಯೂಟರ್ ಕೇಳುತ್ತೆ. ಅದಕ್ಕೆ ದಾಕ್ಷಿಣ್ಯ ಇಲ್ಲ' ಅಂದೆ. ಅಂದಿದ್ದೇ ತಪ್ಪಾಯಿತು. ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವನು ನಾನೊಬ್ಬನೇ ಆದ್ದರಿಂದ ಪೇಮೆಂಟ್ ಗೇಟ್‌ವೇ, ಅಂದರೆ ಗಿರಾಕಿಯಿಂದ ಆನ್‌ಲೈನಲ್ಲಿ ದುಡ್ಡು ಇಸಿದು ಅಂಗಡಿಯವರ ಖಾತೆಗೆ ಹಾಕುವ ಕಂಪನಿ, ಹುಡುಕುವ ಕೆಲಸ ನನ್ನ ತಲೆಗೇ ಬಂತು.

ದೇಶದ ದೊಡ್ಡ ಪೇಮೆಂಟ್ ಕಂಪನಿಗಳಲ್ಲಿ ಹಲವು ನಮ್ಮ ಬೆಂಗಳೂರಲ್ಲೇ ಇವೆ. ಹಾಗಾಗಿ ಇದು ಪಕ್ಕದ ಬೀದಿಯಿಂದ ಕೊತ್ತಂಬರಿ ಸೊಪ್ಪು ತಂದಷ್ಟು ಸಲೀಸು ಅಂದುಕೊಂಡಿದ್ದೆ. ಮೂರ್ನಾಲ್ಕು ವೆಬ್‌ಸೈಟ್ ತೆರೆದೆ. ಎಲ್ಲದರಲ್ಲೂ ಏಪ್ರನ್ ಕಟ್ಟಿಕೊಂಡ ಒಬ್ಬ ಹೆಂಗಸು ಫೋನ್ ನೋಡಿ ನಗುತ್ತಿದ್ದಳು. ಎಲ್ಲದರಲ್ಲೂ ಐದೇ ನಿಮಿಷದಲ್ಲಿ ಶುರು. ದರವೂ ಹೆಚ್ಚುಕಮ್ಮಿ ಎಲ್ಲರದ್ದೂ ನೂರಕ್ಕೆ ಎರಡು, ಮೇಲೆ ಜಿಎಸ್‌ಟಿ. ಇದರಲ್ಲಿ ಆರಿಸುವುದಕ್ಕೇನಿದೆ? ದರ್ಶಿನಿಯಲ್ಲಿ ನಿಂತು ಇಡ್ಲಿ-ವಡೆ ತಗೊಳ್ಳಲೋ, ವಡೆ-ಇಡ್ಲಿ ತಗೊಳ್ಳಲೋ ಅಂತ ಯೋಚಿಸಿದ ಹಾಗೆ.

'ಯುಪಿಐಗೆ ಚಾರ್ಜ್ ಇಲ್ವಲ್ಲೋ?' ಅಂತ ಅಣ್ಣ ಕೇಳಿದ. ನನಗೂ ಹಾಗೇ ಗೊತ್ತಿದ್ದದ್ದು. 2020ರ ಜನವರಿಯಿಂದ ಯುಪಿಐ ಮೇಲೆ ವ್ಯಾಪಾರಿಯಿಂದ ಎಂಡಿಆರ್ ಅನ್ನುವ ಶುಲ್ಕ ತಗೊಳ್ಳುವಂತಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಬಹಳ ವಿನಯವಂತ. 'ಸರ್, ನಾವು ಎಂಡಿಆರ್ ತಗೊಳ್ಳೋದೇ ಇಲ್ಲ. ಇದು ಪ್ಲಾಟ್‌ಫಾರ್ಮ್ ಫೀ' ಅಂದ. ನಮ್ಮೂರ ಕಲ್ಯಾಣ ಮಂಟಪದವರೂ ಬಾಡಿಗೆ ಏರಿಸಿಲ್ಲ. ಕರೆಂಟಿಗೆ, ಕಸಕ್ಕೆ, ಕುರ್ಚಿಗೆ ಬೇರೆ ಬೇರೆ ತಗೊಳ್ಳುತ್ತಾರೆ, ಅಷ್ಟೇ.

ಲೆಕ್ಕ ಹೀಗೆ. ಮುನ್ನೂರಕ್ಕೆ ನೂರಕ್ಕೆರಡರಂತೆ ಆರು ರೂಪಾಯಿ. ಆ ಆರಕ್ಕೆ ಶೇಕಡಾ 18 ಜಿಎಸ್‌ಟಿ, ಅಂದರೆ 1 ರೂಪಾಯಿ 8 ಪೈಸೆ. ಒಟ್ಟು 7.08 ಹೋಗಿ ಕೈಗೆ ಸಿಗುವುದು 292.92. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಜಿಎಸ್‌ಟಿಯನ್ನೇನೋ 18ರಿಂದ 5ಕ್ಕೆ ಇಳಿಸಿದ್ದಾರೆ. ಐಬ್ರೋ ಮಾಡಿದರೆ 5. ಐಬ್ರೋ ಮಾಡ್ತೀನಿ ಅಂತ ಅಡ್ವಾನ್ಸ್ ಇಸಿದುಕೊಟ್ಟವನ ಫೀಗೆ 18. ಕೆಲಸಕ್ಕಿಂತ ಕೆಲಸದ ಭರವಸೆಗೇ ತೆರಿಗೆ ಜಾಸ್ತಿ. ಚುನಾವಣೆಗೆ ಈ ನಿಯಮ ತಂದಿದ್ದರೆ ಖಜಾನೆ ತುಂಬುತ್ತಿತ್ತು.

ಇನ್ನು ಯುಪಿಐ ಅಂದರೆ ಚಿಟಿಕೆ ಹೊಡೆಯುವಷ್ಟರಲ್ಲಿ ದುಡ್ಡು ಅಲ್ವಾ? 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಮೀರಿ ಯುಪಿಐ ವ್ಯವಹಾರ ನಡೆಯಿತು. ಗಿರಾಕಿಯ ಖಾತೆಯಿಂದ ಮುನ್ನೂರು ರೂಪಾಯಿ ಎರಡು ಸೆಕೆಂಡಿನಲ್ಲಿ ಹೊರಡುತ್ತದೆ. ಗೇಟ್‌ವೇ ಹತ್ತಿರ ಬಂದು ಕೂತು ಸುಧಾರಿಸಿಕೊಳ್ಳುತ್ತದೆ. ಎರಡು ಕೆಲಸದ ದಿನ ಆದ ಮೇಲೆ ಅತ್ತಿಗೆ ಖಾತೆಗೆ ಬರುತ್ತದೆ. ನಡುವೆ ಭಾನುವಾರ ಬಂದರೆ ಅದಕ್ಕೂ ರಜೆ. ಬೇಗ ಬೇಕಾ? ಅದಕ್ಕೆ ಬೇರೆ ಫೀ ಇದೆ.

ಆದರೂ ಆಗಲಿ ಅಂತ ಒಂದನ್ನು ಆರಿಸಿ ಅರ್ಜಿ ತುಂಬಲು ಕೂತೆವು. ಮೊದಲ ಪ್ರಶ್ನೆಯೇ ಹೆಸರು. ಹೆಸರಲ್ಲೇನಿದೆ ಅಂತೀರಾ? ಅತ್ತಿಗೆಯ ಆಧಾರ್‌ನಲ್ಲಿ ಹೆಸರಿನ ಮುಂದೆ 'ಎಚ್.ಎನ್.' ಅಂತ ಇದೆ. ಎಚ್ ಅಂದರೆ ಹೊಳೆನರಸೀಪುರ, ಎನ್ ಅಂದರೆ ಅವರ ತಂದೆ. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದು, ಊರೇ ಅವರ ಸರ್‌ನೇಮ್ ಆಗಿ ಕೂತಿದೆ. ಬ್ಯಾಂಕಿನಲ್ಲಿ ಮದುವೆಯಾದ ಮೇಲೆ ಖಾತೆ ತೆಗೆದದ್ದು, ಅಲ್ಲಿ ಹೆಸರಿನ ಹಿಂದೆ ಅಣ್ಣನ ಹೆಸರು. ಗೇಟ್‌ವೇ ಪ್ರಕಾರ ಇವರು ಮೂರು ಜನ. ಮೂವರೂ ಸೇರಿ ಒಂದು ಪಾರ್ಲರ್ ನಡೆಸುತ್ತಿದ್ದರೆ ಪಾಲುದಾರಿಕೆ ಪತ್ರ ತರಬೇಕು.

ಅಫಿಡವಿಟ್ ಕೊಟ್ಟು ಅದನ್ನು ದಾಟಿದೆವು. ಖಾತೆ ನಿಜವಾ ಅಂತ ನೋಡಲು ಅವರು ಒಂದು ರೂಪಾಯಿ ಹಾಕಿದರು. ಮೆಸೇಜ್ ಬಂದಾಗ ಅತ್ತಿಗೆ ಫೋನನ್ನು ಕಣ್ಣಿಗೊತ್ತಿಕೊಂಡು, 'ಬೋಣಿ ಆಯ್ತು' ಅಂದರು. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ಆಮೇಲೆ ವ್ಯಾಪಾರದ ವರ್ಗ. ಪಟ್ಟಿಯಲ್ಲಿ 'ಸಲೂನ್ ಮತ್ತು ಸ್ಪಾ' ಅಂತ ಒಂದೇ ಸಾಲು. ಅದನ್ನು ಒತ್ತಿದ್ದೇ ತಡ, ಅರ್ಜಿ 'ಹೆಚ್ಚಿನ ಪರಿಶೀಲನೆ'ಗೆ ಹೋಯಿತು. ಸ್ಪಾ ಅಂದರೆ ಮಸಾಜು, ಮಸಾಜು ಅಂದರೆ ಅನುಮಾನ. ಅಂಗಡಿ ಒಳಗಿನ ಫೋಟೊ ಕೇಳಿದರು. ಕಳಿಸಿದೆವು. ಫೋಟೊದಲ್ಲಿ ಕನ್ನಡಿ, ಕನ್ನಡಿಯಲ್ಲಿ ಫೋಟೊ ತೆಗೆಯುತ್ತಿದ್ದ ನಾನು. 'ಈ ಗಂಡಸು ಯಾರು?' ಅಂತ ಮೇಲ್ ಬಂತು.

ಅದಾದ ಮೇಲೆ ವೆಬ್‌ಸೈಟ್ ಬೇಕೆಂದರು. ಒಂದು ಪುಟದ ವೆಬ್‌ಸೈಟ್ ಮಾಡಿದೆ. ಸಾಲದು, ಪಾಲಿಸಿಗಳು ಬೇಕು. ಪ್ರೈವಸಿ ಪಾಲಿಸಿ, ರೀಫಂಡ್ ಪಾಲಿಸಿ, ನಿಯಮಗಳು, ಷರತ್ತುಗಳು. ಎಲ್ಲೆಲ್ಲಿಂದಲೋ ತಂದು ಅಂಟಿಸಿದೆ. ಕೊನೆಗೆ ಇನ್ನೊಂದು ಮೇಲ್. ನಿಮ್ಮ ಶಿಪ್ಪಿಂಗ್ ಪಾಲಿಸಿ ಕಾಣುತ್ತಿಲ್ಲ.

'ಅಂದ್ರೇನಪ್ಪಾ ಅದು?' ಅಂದರು ಅತ್ತಿಗೆ. ಕೈಯಲ್ಲಿ ದಾರ ಹಿಡಿದು ಯಾರದ್ದೋ ಎಡಗಡೆಯ ಐಬ್ರೋ ಮಾಡುತ್ತಿದ್ದರು.

'ಮಾಡಿದ ಸಾಮಾನನ್ನ ಎಷ್ಟು ದಿನದಲ್ಲಿ ಮನೆಗೆ ತಲುಪಿಸ್ತೀರಿ ಅಂತ ಬರೀಬೇಕಂತೆ.'

ದಾರ ನಿಂತಿತು. ಕುರ್ಚಿಯಲ್ಲಿ ಕೂತಿದ್ದವರು ಒಂದು ಕಣ್ಣು ಬಿಟ್ಟು, 'ಐಬ್ರೋ ಮನೆಗೆ ಕಳಿಸ್ತೀರಾ?' ಅಂದರು. 'ಹಂಗಾದ್ರೆ ಬಲಗಡೇದು ಪಾರ್ಸಲ್ ಮಾಡಿಬಿಡಿ, ಮಗು ಸ್ಕೂಲಿಂದ ಬರೋ ಹೊತ್ತಾಯ್ತು.'

ನಾನು ಮತ್ತೆ ಫೋನ್ ಮಾಡಿ, ಇದು ಪಾರ್ಲರ್, ಇಲ್ಲಿಂದ ಯಾವ ಸಾಮಾನೂ ಎಲ್ಲಿಗೂ ಹೋಗುವುದಿಲ್ಲ, ಜನವೇ ಬರುತ್ತಾರೆ, ಅದೂ ಬಂದರೆ, ಅಂತ ತಿಳಿಸಿ ಹೇಳಿದೆ. ಅದೇ ವಿನಯವಂತ ಹುಡುಗ, 'ಅರ್ಥ ಆಗುತ್ತೆ ಸರ್. ಆದ್ರೂ ಒಂದು ಪಾಲಿಸಿ ಹಾಕ್ಬಿಡಿ' ಅಂದ. ಹಾಕಿದೆ. 'ನಮ್ಮ ಸೇವೆ ಗಿರಾಕಿಯ ಮುಖದ ಮೇಲೆಯೇ ತಲುಪುತ್ತದೆ. ಗಿರಾಕಿ ತನ್ನ ಮುಖವನ್ನು ತಾನೇ ಹೊತ್ತು ಒಯ್ಯತಕ್ಕದ್ದು.' ಮಾರನೇ ದಿನ ಒಪ್ಪಿಗೆ ಬಂತು. ಓದಿದವರು ಯಾರೂ ಇರಲಿಲ್ಲ ಅಂತ ಕಾಣುತ್ತದೆ.

ಇದರ ನಡುವೆ ನ್ಯೂಜೆರ್ಸಿಯಿಂದ ಒಂದು ಬುಕಿಂಗ್ ವಿಚಾರಣೆ ಬಂತು. ವೈಶಾಖದಲ್ಲಿ ಇಲ್ಲಿ ಮದುವೆ, ಮದುಮಗಳ ಮೇಕಪ್‌ಗೆ ಅಡ್ವಾನ್ಸ್ ಈಗಲೇ ಕಟ್ಟುತ್ತೇವೆ ಅಂದರು. ತಾವಾಗಿ ಅಡ್ವಾನ್ಸ್ ಕಟ್ಟುವ ಗಿರಾಕಿಯನ್ನು ಅತ್ತಿಗೆ ಮೊದಲ ಸಲ ಕಂಡದ್ದು. ಆದರೆ ವಿದೇಶಿ ಕಾರ್ಡಿಗೆ ಬೇರೆ ಅನುಮತಿ, ಬೇರೆ ದರ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಚಾರ್ಜ್‌ಬ್ಯಾಕ್ ಅನ್ನುವ ವ್ಯವಸ್ಥೆ. ಕಾರ್ಡಿನಲ್ಲಿ ದುಡ್ಡು ಕಟ್ಟಿದವರು ಸಾಮಾನ್ಯವಾಗಿ 120 ದಿನದವರೆಗೂ 'ಈ ಸೇವೆ ನನಗೆ ಸಿಗಲಿಲ್ಲ, ದುಡ್ಡು ವಾಪಸ್ ಕೊಡಿಸಿ' ಅಂತ ತಮ್ಮ ಬ್ಯಾಂಕಿಗೆ ತಕರಾರು ಎತ್ತಬಹುದು. ವೈಶಾಖದಲ್ಲಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಬಂದು, ಶ್ರಾವಣದಲ್ಲಿ ಮಂಗಳಗೌರಿ ಪೂಜೆ ಮಾಡುತ್ತಾ, ನನಗೆ ಮೇಕಪ್ಪೇ ಆಗಿರಲಿಲ್ಲ ಅನ್ನಬಹುದು. ಆಗ ಸೇವೆ ಕೊಟ್ಟದ್ದಕ್ಕೆ ನಾವು ಸಾಕ್ಷಿ ಒದಗಿಸಬೇಕು. ಮದುವೆ ಆಲ್ಬಮ್ ಒದಗಿಸಬಹುದು. ಆದರೆ ಮೇಕಪ್ ಚೆನ್ನಾಗಿ ಬಂದಿದ್ದರೆ ಅದರಲ್ಲಿರುವುದು ಅವಳೇ ಅಂತ ಯಾರೂ ಒಪ್ಪುವುದಿಲ್ಲ.

ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯವರು ಈ ಸರ್ಕಸ್ಸನ್ನೆಲ್ಲ ದಿನಾ ನೋಡುತ್ತಿದ್ದರು. 2025ರ ಜುಲೈಯಲ್ಲಿ ಅವರು ಕ್ಯೂಆರ್ ಕಿತ್ತು 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ರಟ್ಟು ನೇತುಹಾಕಿದ್ದವರು. ನೆನಪಿರಬೇಕಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿತ್ತು. ವರ್ಷಕ್ಕೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ದರೆ ಜಿಎಸ್‌ಟಿ ನೋಂದಣಿ ಬೇಕಲ್ವಾ, ಅದು ಎಲ್ಲಿ ಅಂತ. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ಕಟ್ಟಿ ಅಂತ ಕಾಗದ ಹೋಯಿತು. ಹತ್ತು ವರ್ಷದಿಂದ 'ಡಿಜಿಟಲ್ ಆಗಿ, ಡಿಜಿಟಲ್ ಆಗಿ' ಅಂತ ಬೆನ್ನು ತಟ್ಟಿದ ಕೈಯೇ ಕೊರಳಪಟ್ಟಿಗೆ ಬಂದಿತ್ತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೇ ಬಾಕಿ ಕೇಳಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ಗಲಾಟೆ ತಣ್ಣಗಾಯಿತು. ಕಾಂಡಿಮೆಂಟ್ಸ್‌ನವರ ಕ್ಯೂಆರ್ ಈಗ ವಾಪಸ್ ಬಂದಿದೆ. ರಟ್ಟನ್ನು ಮಾತ್ರ ಬಿಸಾಕಿಲ್ಲ. ಬಾಳೆಹಣ್ಣಿನ ಗೊನೆಯ ಹಿಂದೆ ಇಟ್ಟಿದ್ದಾರೆ.

'ಮೇಡಂ, ನೀವು ಸರ್ವಿಸು. ನಿಮಗೆ ಇಪ್ಪತ್ತೇ ಲಕ್ಷ' ಅಂತ ಅವರು ಎಚ್ಚರಿಸಿದರು. ಅತ್ತಿಗೆಯ ವಹಿವಾಟು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಅವತ್ತು ರಾತ್ರಿ ಸ್ಟೇಟ್‌ಮೆಂಟ್ ಹಿಡಿದು ಕೂತರು. ಪಾರ್ಲರ್ ದುಡ್ಡು, ಚೀಟಿ ದುಡ್ಡು, ಗೌರಿ ಹಬ್ಬಕ್ಕೆ ಅವರಣ್ಣ ಬಾಗಿನಕ್ಕೆ ಅಂತ ಹಾಕಿದ್ದು, ಮೇಲಿನ ಮನೆಯವರು ಹಾಲಿನ ಲೆಕ್ಕ ಚುಕ್ತಾ ಮಾಡಿದ್ದು, ಎಲ್ಲ ಒಂದೇ ಕ್ಯೂಆರ್‌ನಲ್ಲಿ. 'ಬಾಗಿನಕ್ಕೂ ಜಿಎಸ್‌ಟಿ ಕೇಳ್ತಾರಾ?' ಅಂದರು. ಕೇಳಲ್ಲ ಅಂದೆ. ಅಷ್ಟೊಂದು ಗಟ್ಟಿ ದನಿಯಲ್ಲಿ ಅಲ್ಲ.

ಐದು ನಿಮಿಷದ ಕೆಲಸ ಹತ್ತೊಂಬತ್ತು ದಿನಕ್ಕೆ ಮುಗಿಯಿತು. ಅತ್ತಿಗೆ ಇದ್ದಾರೆ ಅಂತ ಸಾಬೀತಾಯಿತು. ಅಂಗಡಿ ಇದೆ ಅಂತ ಸಾಬೀತಾಯಿತು. ವಿಡಿಯೋದಲ್ಲಿ ಕಣ್ಣು ಮಿಟುಕಿಸಿ, ತಲೆ ಆ ಕಡೆ ಈ ಕಡೆ ತಿರುಗಿಸಿ, ಜೀವಂತ ಇದ್ದಾರೆ ಅಂತಲೂ ಸಾಬೀತಾಯಿತು. ಶನಿವಾರ ಹತ್ತು ಗಂಟೆಗೆ ಬರುವವರು ನಿಜವಾಗಿ ಬರುತ್ತಾರಾ ಅಂತ ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ.

ಮೊದಲ ಲಿಂಕ್ ಹೋದದ್ದು ಅದೇ ಹತ್ತು ಗಂಟೆಯ ಫೇಶಿಯಲ್ ಗಿರಾಕಿಗೆ. ಪುಣ್ಯಾತ್ಗಿತ್ತಿ ಮರುಮಾತಿಲ್ಲದೆ ಮುನ್ನೂರು ಕಟ್ಟಿದರು. ಅತ್ತಿಗೆ ಡೈರಿಯಲ್ಲಿ ಮೊದಲ ಸಲ ಪೆನ್ನಿನಲ್ಲಿ ಬರೆದರು. ಶನಿವಾರ ಹತ್ತಾಯಿತು, ಹನ್ನೊಂದಾಯಿತು. ಒಂದು ಗಂಟೆಗೆ ಫೋನ್ ಬಂತು. 'ಟ್ಯಾಂಕರ್ ಬಂದಿತ್ತು ಕಣ್ರೀ. ಆ ಮುನ್ನೂರು ವಾಪಸ್ ಹಾಕ್ಬಿಡ್ತೀರಾ?'

ಬಾರದಿದ್ದರೆ ಅಡ್ವಾನ್ಸ್ ವಾಪಸ್ ಇಲ್ಲ ಅಂತ ರೀಫಂಡ್ ಪಾಲಿಸಿಯಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಕೈಸನ್ನೆ ಮಾಡಿ ಬೇಡ ಬೇಡ ಅಂದೆ. ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ. 'ಅಯ್ಯೋ, ಅದಕ್ಕೇನಂತೆ, ಹಾಕ್ತೀನಿ ಬಿಡಿ' ಅಂದುಬಿಟ್ಟರು. ಮುನ್ನೂರೂ ಹೋಯಿತು. ಗೇಟ್‌ವೇ ತನ್ನ 7.08 ವಾಪಸ್ ಕೊಡಲಿಲ್ಲ. ಕಂಪ್ಯೂಟರ್‌ಗೆ ದಾಕ್ಷಿಣ್ಯ ಇಲ್ಲ ಅಂತ ಹೇಳಿದ್ದು ನಾನೇ ತಾನೇ.

ರೀಫಂಡ್ ತಲುಪಲು ಐದರಿಂದ ಏಳು ಕೆಲಸದ ದಿನ ಅಂತ ಮೆಸೇಜ್ ಬಂತು. ಆ ಗಿರಾಕಿ ಸೋಮವಾರ ಫೋನ್ ಮಾಡಿ, 'ಇನ್ನೂ ಬಂದಿಲ್ಲ' ಅಂದರು. ಮಂಗಳವಾರವೂ ಮಾಡಿದರು. ಬುಧವಾರ ಅತ್ತಿಗೆ ನಾಚಿಕೆಯಾಗಿ ತಮ್ಮ ಸ್ವಂತ ಫೋನಿಂದಲೇ ಮುನ್ನೂರು ಕಳಿಸಿದರು. ಅದು ಎರಡು ಸೆಕೆಂಡಿಗೆ ತಲುಪಿತು. ಮುಂದಿನ ಸೋಮವಾರ ಗೇಟ್‌ವೇ ರೀಫಂಡೂ ತಲುಪಿತು.

'ಎರಡು ಸಲ ಹೋಗಿದೆಯಲ್ಲ ಅತ್ತಿಗೆ, ಒಂದು ವಾಪಸ್ ಕೇಳಿ' ಅಂದೆ.

'ಥೂ ಸುಮ್ನಿರಪ್ಪಾ. ಮುನ್ನೂರು ರೂಪಾಯಿಗೆ ಯಾರಾದ್ರೂ ಬಾಯಿ ಬಿಡ್ತಾರಾ?' ಅಂತ ಡೈರಿ ಎಳೆದುಕೊಂಡರು. ಆ ಗಿರಾಕಿ ಬರುವ ಶನಿವಾರ ಹತ್ತು ಗಂಟೆಗೆ ಬರ್ತೀನಿ ಅಂದಿದ್ದರಂತೆ. ಪೆನ್ಸಿಲ್ ಹುಡುಕುತ್ತಿದ್ದರು.