ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಸ್ಟ್ರಾಟೋಸ್

ಎಪ್ಪತ್ತರ ದಶಕದ ಇಟಲಿಯ ರ‍್ಯಾಲಿ ರೇಸಿನ ಕಾರು ಲಾಂಚಾ ಸ್ಟ್ರಾಟೋಸ್ ನೋಡಬೇಕೆಂದರೆ ಈಗ ಮ್ಯೂಸಿಯಮ್ಮಿಗೇ ಹೋಗಬೇಕು ಎಂದು ಅದರ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಅದು ಸಿಕ್ಕಿದ್ದು ಇಟಲಿಯ ಟ್ಯೂರಿನ್ ಹೊರಗಿನ ಒಂದು ಪೆಟ್ರೋಲ್ ಬಂಕಿನಲ್ಲಿ! ಕೆಲಸದ ಮೇಲೆ ಹೋಗಿದ್ದೆ. ಪೆಟ್ರೋಲ್ ಹಾಕಿಸಿ ಹೊರಡುವಾಗ ಪಕ್ಕದ ಪಂಪಿನ ಹತ್ತಿರ ಕೆಂಪು ಬಣ್ಣದ ಒಂದು ಪುಟ್ಟ ಕಾರು. ಒಂದು ಕ್ಷಣ ಕಾಲು ಮುಂದಕ್ಕೇ ಹೋಗಲಿಲ್ಲ.

ಫೋಟೋದಲ್ಲಿ ಅದು ಎಷ್ಟು ಚಿಕ್ಕದು ಅಂತ ಗೊತ್ತೇ ಆಗುವುದಿಲ್ಲ. ಚಾವಣಿ ನನ್ನ ಸೊಂಟದ ಹತ್ತಿರ ಬರುತ್ತದೆ ಅಷ್ಟೇ. ಮುಂದಿನ, ಹಿಂದಿನ ಚಕ್ರಗಳ ನಡುವೆ 2180 ಮಿ.ಮೀ. ನಮ್ಮ ಮಾರುತಿ 800ಕ್ಕೆ 2175! ಅಷ್ಟರೊಳಗೆ, ಸೀಟಿನ ಹಿಂದೆಯೇ, ಫೆರಾರಿ ಡೀನೋ ಕಾರಿನ 2.4 ಲೀಟರ್, ಆರು ಸಿಲಿಂಡರಿನ ವಿ6 ಎಂಜಿನ್. ತಿರುವುಗಳಲ್ಲಿ ಅಷ್ಟು ಚುರುಕಾಗಿ ತಿರುಗುತ್ತಿದ್ದದ್ದು ಇದಕ್ಕೇ.

ಕಾರಿನ ಯಜಮಾನರು ವಯಸ್ಸಾದವರು. ನಾನು ಕಣ್ಣು ಬಾಯಿ ಬಿಟ್ಟು ನಿಂತದ್ದು ನೋಡಿ ನಕ್ಕು, ಬಾಗಿಲು ತೆಗೆದು ತೋರಿಸಿದರು. ಬಾಗಿಲ ಒಳಗೆ ದೊಡ್ಡ ಗುಂಡನೆಯ ಗೂಡು. ಹೆಲ್ಮೆಟ್ ಇಡೋಕೆ! ರ‍್ಯಾಲಿಗೆಂದೇ ಹುಟ್ಟಿದ ಕಾರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಲೇಖನದಲ್ಲಿ ಇಟಲಿಯ ರ‍್ಯಾಲಿ ಚಾಲಕ ಸಾಂಡ್ರೋ ಮುನಾರಿ ಹೆಸರು ಇರಬೇಕಿತ್ತು. 1975, 76, 77, ಮೂರು ವರ್ಷವೂ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಅವರು, ಇದೇ ಕಾರಿನಲ್ಲಿ. ದಯವಿಟ್ಟು ಸೇರಿಸಿ.

ಬಂಕಿನಲ್ಲಿ ಸಿಕ್ಕ ಆ ಯಜಮಾನರು ಹೊರಟಾಗ ಎಂಜಿನ್ ಗುಡುಗಿದ ಸದ್ದಿಗೆ ಬಂಕಿನ ಹುಡುಗನೂ ಪೈಪ್ ಹಿಡಿದು ಹಾಗೇ ನಿಂತುಬಿಟ್ಟಿದ್ದ.