ಅಜ್ಜಿಗೆ ಸ್ಪ್ಯಾನಿಷ್ ಅಪ್ಪಣೆ

ಅಣ್ಣನ ಮಗಳು ಬೆಂಗಳೂರಿನ ಕಾಲೇಜಿನಲ್ಲಿ ಸ್ಪ್ಯಾನಿಷ್ ತಗೊಂಡಿದ್ದಾಳೆ. ತುಮಕೂರಿನಿಂದ ದಿನಾ ರೈಲಿನಲ್ಲಿ ಓಡಾಟ. ಹೋಗುವಾಗ ರೈಲಿನಲ್ಲಿ ಕಲಿತದ್ದನ್ನು ಸಂಜೆ ಬಂದು ನಮ್ಮ ಮೇಲೆ ಪ್ರಯೋಗಿಸುತ್ತಾಳೆ. ಬಣ್ಣಗಳ ಹೆಸರು, ವಾರಗಳ ಹೆಸರು ಕಲಿಯುವ ತನಕ ಯಾರಿಗೂ ತೊಂದರೆ ಇರಲಿಲ್ಲ. ಅಪ್ಪಣೆ ಕೊಡುವ ಪಾಠ ಬಂತು ನೋಡಿ, ಮನೆಯಲ್ಲಿ ಒಬ್ಬರೂ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಸ್ಪ್ಯಾನಿಷ್‌ನ ಕೆಲವು ಕ್ರಿಯಾಪದಗಳಿಗೆ ಹೊಟ್ಟೆಯೊಳಗಿನ ಸ್ವರ ಬದಲಾಯಿಸುವ ಚಟ. ಮುಚ್ಚುವುದು ‘ಸೆರ್ರಾರ್’. ಬಾಗಿಲು ಮುಚ್ಚು ಅನ್ನುವಾಗ ‘ಸಿಯೆರ್ರಾ’. ಮಲಗುವುದು ‘ದೋರ್ಮೀರ್’, ಮಲಗು ಅಂದರೆ ‘ದುವೆರ್ಮೆ’. ‘ಅವನು ಮಲಗುತ್ತಾನೆ’ ಅನ್ನುವುದಕ್ಕೂ ಅದೇ ‘ದುವೆರ್ಮೆ’. ಸುದ್ದಿಯೋ ಗದರಿಕೆಯೋ ಅಂತ ದನಿ ಕೇಳಿಯೇ ತಿಳಿಯಬೇಕು. ಇರಲಿ, ನಮ್ಮ ‘ಬರು’ ಕೂಡ ಕರೆಯುವಾಗ ‘ಬಾ’ ಆಗುತ್ತದಲ್ಲ, ನಾವೇನು ಕಮ್ಮಿ?

ಒಂದು ಭಾನುವಾರ ಸಿದ್ಧಗಂಗೆಗೆ ಹೋಗಿ, ಬೆಟ್ಟ ಇಳಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕೂತೆವು. ಹೋಟೆಲಲ್ಲಿ ಏನು ಬೇಕೋ ಕೇಳುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಪೆದೀರ್’. ಅಪ್ಪಣೆಯಲ್ಲಿ ‘ಎ’ ಹೋಗಿ ‘ಇ’ ಬರುತ್ತದೆ. ಹುಡುಗಿ ಉತ್ಸಾಹದಲ್ಲಿ ಜೋರಾಗಿ, “ಪೀದೆ ಅಜ್ಜಿ, ಪೀದೆ!” ಎಂದಳು.

ಅಮ್ಮ ಸೆರಗು ಸರಿಮಾಡಿಕೊಂಡಳು. “ಯಾರೇ ಪೀಡೆ? ಬೆಳಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟು ನಿಮ್ಮನ್ನ ಏನು ಕೇಳಿದೀನಿ ನಾನು?”

ಚಟ್ನಿ ಬಡಿಸುತ್ತಿದ್ದವನು ಬಕೆಟ್ ಕೆಳಗಿಟ್ಟು ನಿಂತೇಬಿಟ್ಟ.

ಕನ್ನಡದಲ್ಲಿ ಅವಳು ‘ಬಾ ಅಜ್ಜಿ’ ಅಂತಲೇ ಕರೆಯೋದು. ಆದರೂ ಪರದೇಶದ ಭಾಷೆ, ಸ್ವಲ್ಪ ಮರ್ಯಾದೆ ಇರಲಿ ಅಂತ, “ದೊಡ್ಡವರಿಗೆ ಬೇರೆ ಥರ ಹೇಳಲ್ವೇನೇ?” ಎಂದೆ.

“ಹೇಳ್ತಾರೆ ಚಿಕ್ಕಪ್ಪ. ಒಳಗಿನ ‘ಇ’ ಹಾಗೇ ಇರುತ್ತೆ, ಕೊನೇದು ಮಾತ್ರ ‘ಆ’ ಆಗುತ್ತೆ,” ಎಂದವಳೇ ಅಜ್ಜಿಯ ಕಡೆ ಬಗ್ಗಿ, “ಪೀದಾ, ಅಜ್ಜಿ!”

ಅಮ್ಮನ ಮುಖ ಅರಳಿತು. “ಪೇಡಾನಾ? ಇಲ್ಲಿ ಯಾವಾಗಿಂದ ಮಾಡ್ತಾರೆ? ಕಾಲು ಕೆಜಿ ಕಟ್ಟಿಸು.”

ಬಕೆಟ್‌ನವನು ಪೇಡ ಇಲ್ಲ ಅಂತ ಆಣೆ ಮಾಡಿದರೂ ಅವಳು ನಂಬಲಿಲ್ಲ. ಓದಿದ ಹುಡುಗಿ ಸುಮ್ನೆ ಹೇಳ್ತಾಳಾ? ಆ ಗಲಾಟೆಯಲ್ಲೇ ನನಗೆ ಪಾಠದ ಉಳಿದ ಭಾಗವೂ ಆಯಿತು. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ಹೇಳುವಾಗ ‘ಪೆದೀದ್’, ಸ್ವರ ಅಲುಗುವುದೇ ಇಲ್ಲ. ನಾಲ್ಕು ಜನ ಸೇರಿದರೆ ವ್ಯಾಕರಣವೂ ನೆಟ್ಟಗಿರುತ್ತೆ ಅಂತ ಕಾಣುತ್ತೆ. ಲ್ಯಾಟಿನ್ ಅಮೆರಿಕದಲ್ಲಿ ಆ ರೂಪವೇ ಬಳಕೆಯಲ್ಲಿಲ್ಲ. ಗುಂಪು ಎಂಥದ್ದೇ ಇರಲಿ, ‘ಪೀದಾನ್’. ಈ ‘ಪೀದಾನ್’ ಮಾತ್ರ ಅಮ್ಮನ ಕಿವಿಗೆ ಬೀಳದ ಹಾಗೆ ಪಿಸುಗುಟ್ಟಿದಳು.

ಸಂಜೆ ಬಿ.ಎಚ್. ರಸ್ತೆಯಿಂದ ಪೇಡ ತಂದದ್ದಾಯಿತು. ದುಡ್ಡು ನನ್ನದೇ. ಈಗ ಅಮ್ಮನಿಗೂ ಸ್ಪ್ಯಾನಿಷ್ ಮೇಲೆ ಆಸಕ್ತಿ ಜಾಸ್ತಿಯಾಗಿದೆ. ಮೊಮ್ಮಗಳು ಪುಸ್ತಕ ತೆಗೆದರೆ ಸಾಕು, ಪಕ್ಕಕ್ಕೆ ಬಂದು ಕೂತು ವಿಚಾರಿಸುತ್ತಾಳೆ: “ಜಾಮೂನು ಯಾವ ಪಾಠದಲ್ಲಿ ಬರುತ್ತೆ?”