ಎಂಐಸಿ ಕಡಿಮೆ ಬಂದ ಮಾತ್ರಕ್ಕೆ ಪೆಪ್ಟೈಡ್ ಮದ್ದಾಗುವುದಿಲ್ಲ

ದೇರಳಕಟ್ಟೆ, ಕೊಣಾಜೆ, ಮಣಿಪಾಲದ ಕಡೆ ಬ್ಯಾಕ್ಟೀರಿಯ ಕೊಲ್ಲುವ ಕಿರು ಪೆಪ್ಟೈಡ್‌ಗಳ (ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳ) ಮೇಲೆ ಪ್ರಾಜೆಕ್ಟ್ ಶುರು ಮಾಡುವ ಮಕ್ಕಳಿಗೆ ಒಂದು ಮಾತು: ಬ್ಯಾಕ್ಟೀರಿಯ ಸತ್ತಿತೆಂದು ಖುಷಿಪಡುವ ಮೊದಲು ಕೆಂಪು ರಕ್ತಕಣ ಉಳಿಯಿತಾ ನೋಡಿ ಮಾರಾಯ್ರೆ. ಎಂಐಸಿ ಎಂದರೆ ಬ್ಯಾಕ್ಟೀರಿಯದ ಬೆಳವಣಿಗೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ; ಅದು ಇಳಿದಷ್ಟೂ ಪೆಪ್ಟೈಡ್ ಬಲವಾದದ್ದು.

ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳ ಧನ ವಿದ್ಯುದಂಶ ಪೆಪ್ಟೈಡನ್ನು ಬ್ಯಾಕ್ಟೀರಿಯದ ಪೊರೆಗೆ ಅಂಟಿಸುತ್ತದೆ. ಲ್ಯೂಸಿನ್, ಟ್ರಿಪ್ಟೋಫ್ಯಾನ್ ಆ ಪೊರೆಯ ಕೊಬ್ಬಿನೊಳಗೆ ನುಗ್ಗುತ್ತವೆ. ಲ್ಯೂಸಿನ್ ಸೇರಿಸುತ್ತಾ ಹೋದರೆ ಎಂಐಸಿ ಇಳಿಯುವುದು ಸುಲಭ, ಆದರೆ ನಮ್ಮ ಜೀವಕೋಶಗಳೂ ಒಡೆಯತೊಡಗುತ್ತವೆ. ಜೇನುನೊಣದ ವಿಷದಲ್ಲಿರುವ 26 ಅಮೈನೋ ಆಮ್ಲಗಳ ಮೆಲಿಟಿನ್ ಬ್ಯಾಕ್ಟೀರಿಯ, ನಮ್ಮ ಜೀವಕೋಶ ಎರಡನ್ನೂ ಒಡೆಯುತ್ತದೆ, ಹಾಗಾಗಿಯೇ ಅದನ್ನು ರಕ್ತಕ್ಕೆ ಕೊಡಲಾಗದು.

ನಮ್ಮೂರಿನ ಮಳೆಗಾಲದಲ್ಲಿ ತೂಕದಲ್ಲೇ ತಪ್ಪು ಶುರುವಾಗುತ್ತದೆ. ಫ್ರೀಜರ್‌ನಿಂದ ತೆಗೆದ ವಯಲನ್ನು ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ಕೂರುತ್ತದೆ. ಡೆಸಿಕೇಟರ್‌ನಲ್ಲಿಟ್ಟು (ತೇವ ಹೀರುವ ಮುಚ್ಚಿದ ಪಾತ್ರೆ), ಕೋಣೆಯ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ. ಇನ್ನೊಂದು, ಶುದ್ಧೀಕರಣದಲ್ಲಿ ಬಳಸುವ ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ) ಪೆಪ್ಟೈಡಿಗೇ ಅಂಟಿಕೊಂಡಿರುತ್ತದೆ. 1600 ಡಾಲ್ಟನ್ (ಅಣುವಿನ ತೂಕದ ಮಾನ) ತೂಕದ, 5 ಧನ ವಿದ್ಯುದಂಶದ ಪೆಪ್ಟೈಡಿಗೆ 5 ಟಿಎಫ್‌ಎ ಸೇರಿದರೆ 570 ಡಾಲ್ಟನ್ ಹೆಚ್ಚುವರಿ. ನೀರಿನ ಲೆಕ್ಕ ಬಿಟ್ಟರೂ 10 ಮಿಲಿಗ್ರಾಂ ಪುಡಿಯಲ್ಲಿ ಪೆಪ್ಟೈಡ್ ಇರುವುದು 7.4 ಮಿಲಿಗ್ರಾಂ ಮಾತ್ರ. ಟಿಎಫ್‌ಎ ಜೀವಕೋಶಗಳಿಗೂ ತೊಂದರೆ ಕೊಡಬಲ್ಲದು, ಆದ್ದರಿಂದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಎರಡು ಮೂರು ಸಲ ಫ್ರೀಜ್ ಡ್ರೈ ಮಾಡಿ ಕ್ಲೋರೈಡ್ ಲವಣಕ್ಕೆ ಬದಲಿಸುವುದು ಒಳ್ಳೆಯದು.

ಎಂಐಸಿಗೆ ಮಾಮೂಲಿ ಪಾಲಿಸ್ಟೈರೀನ್ ಪ್ಲೇಟ್ ಬೇಡ. ಪೆಪ್ಟೈಡ್ ಗೋಡೆಗೇ ಅಂಟಿ, ಎಂಐಸಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಪಾಲಿಪ್ರೊಪಿಲೀನ್ ಪ್ಲೇಟಿನಲ್ಲಿ, ಮಿಲಿಲೀಟರಿಗೆ 5 ಲಕ್ಷ ಬ್ಯಾಕ್ಟೀರಿಯ ಹಾಕಿ, 35 ಡಿಗ್ರಿಯಲ್ಲಿ 16ರಿಂದ 20 ಗಂಟೆ ಇಡಿ. ಅದರ ಪಕ್ಕದಲ್ಲೇ 150 ಮಿಲಿಮೋಲಾರ್ ಉಪ್ಪು ಸೇರಿಸಿದ ಇನ್ನೊಂದು ಪ್ಲೇಟ್ ಇರಲಿ. ದೇಹದೊಳಗಿನ ಉಪ್ಪಿಗೆ ಸೋಲುವ ಪೆಪ್ಟೈಡ್‌ಗಳು ಅಲ್ಲೇ ಗೊತ್ತಾಗುತ್ತವೆ.

ಇನ್ನು ಕೆಂಪು ರಕ್ತಕಣದ ಪರೀಕ್ಷೆ. ಕಣಗಳನ್ನು ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆಸಿದ ಉಪ್ಪುನೀರು) ಮೇಲಿನ ದ್ರವ ತಿಳಿಯಾಗುವವರೆಗೆ ತೊಳೆದು, ಪೆಪ್ಟೈಡ್ ಜೊತೆ 37 ಡಿಗ್ರಿಯಲ್ಲಿ 1 ಗಂಟೆ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಒಡೆದ ಕಣಗಳಿಂದ ಮೇಲಿನ ದ್ರವಕ್ಕೆ ಬಂದ ಕೆಂಪನ್ನು 540 ನ್ಯಾನೋಮೀಟರ್‌ನಲ್ಲಿ ಓದಿ. 100 ಶೇಕಡಾ ಒಡೆತಕ್ಕೆ ಟ್ರೈಟಾನ್ ಎಂಬ ಮಾರ್ಜಕ, ಸೊನ್ನೆಗೆ ಬರೀ ಪಿಬಿಎಸ್. ಎಂಐಸಿಯ ಮಟ್ಟದಲ್ಲೇ ಪರೀಕ್ಷೆ ನಿಲ್ಲಿಸಿ ‘ವಿಷವಿಲ್ಲ’ ಎಂದು ಬರೆಯುವುದು ಸರಿಯಲ್ಲ, ಕನಿಷ್ಠ ಅದರ 10 ಪಟ್ಟಿನವರೆಗಾದರೂ ನೋಡಬೇಕು.

ಉಳಿದದ್ದು ಟ್ರಿಪ್ಸಿನ್, ಪ್ರೋಟೀನ್ ಕತ್ತರಿಸುವ ಕಿಣ್ವ. ನಾವು ಆಸೆಪಟ್ಟು ಹಾಕಿದ ಲೈಸಿನ್, ಆರ್ಜಿನಿನ್ ಪಕ್ಕದಲ್ಲೇ ಅದು ಕತ್ತರಿಸುತ್ತದೆ. ಅವುಗಳ ಬದಲು ಡಿ ರೂಪದ (ಕನ್ನಡಿ ಬಿಂಬದಂಥ) ಅಮೈನೋ ಆಮ್ಲ ಹಾಕಿದರೆ ಅದಕ್ಕೆ ಕತ್ತರಿಸಲಾಗದು. ಗುರಿ ಪೊರೆಯೇ ಆಗಿದ್ದರೆ ಕೊಲ್ಲುವ ಶಕ್ತಿ ಸಾಮಾನ್ಯವಾಗಿ ಉಳಿಯುತ್ತದೆ, ಖರ್ಚು ಮಾತ್ರ ಏರುತ್ತದೆ.

ಮೈಕೆಲ್ ಜಾಸ್ಲಾಫ್ 1987ರಲ್ಲಿ ಕಪ್ಪೆಯ ಚರ್ಮದಲ್ಲಿ ಕಂಡ ಮ್ಯಾಗೈನಿನ್ ಎಂಬ ಪೆಪ್ಟೈಡ್‌ನಿಂದ ಬಂದ ಪೆಕ್ಸಿಗನಾನ್‌ಗೆ 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ. ಅದು ಮಧುಮೇಹಿಗಳ ಕಾಲಿನ ಹುಣ್ಣಿಗೆ ಹಚ್ಚುವ ಕ್ರೀಮ್. ಕೊಲ್ಲುವ ಶಕ್ತಿ ಇತ್ತು, ಆದರೆ ಆಗಲೇ ಇದ್ದ ಆಂಟಿಬಯೋಟಿಕ್‌ಗಿಂತ ಮೇಲು ಎಂದು ತೋರಿಸಲಾಗಲಿಲ್ಲ. ಆದ್ದರಿಂದ ಪ್ರತಿ ಪ್ಲೇಟಿನಲ್ಲೂ ಈಗ ಬಳಕೆಯಲ್ಲಿರುವ ಒಂದು ಆಂಟಿಬಯೋಟಿಕ್‌ಗೆ ಒಂದು ಸಾಲು ಬಿಡಿ.